ನಿಕಾನೋರ ನೇತುಹಾಕಿದ ಕೆಂಪು ಬಿಲ್ಲೆ

ಚೋಲೂಲಾ ಊರಿನಲ್ಲಿ ಗಾರೆ ಕೆಲಸದವರಿಗೆ ಬರವಿಲ್ಲ. ಆದರೆ ಗಾರೆ ಕೆಲಸವನ್ನು ಊಟದ ಮೇಜಿನ ಮುಂದೆ ಕುಳಿತು ನಿಕಾನೋರನಷ್ಟು ಚೆನ್ನಾಗಿ ಮಾಡಬಲ್ಲವನು ಆ ಇಡೀ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಸಂಜೆ ಕೈಕಾಲು ತೊಳೆದು ಬಂದು ಕುಳಿತನೆಂದರೆ, ಜೋಳದ ರೊಟ್ಟಿಯ ಮೊದಲ ತುತ್ತು ಗಂಟಲಲ್ಲಿ ಇಳಿಯುವುದರೊಳಗೆ ಅವನು ಮೂರನೆಯ ಮಹಡಿಯ ಎತ್ತರಕ್ಕೆ ಏರಿಯಾಗಿರುತ್ತಿತ್ತು.

"ಇವತ್ತು ಏನ್ ಗಾಳಿ ಅಂತೀರಿ ಅತ್ತೆ! ಸಾರವೆ ಮೇಲೆ ನಿಂತು ಇಟ್ಟಿಗೆ ಇಡ್ತಿದ್ದೆ, ಒಂದು ಮೋಡ ಬಂದು ನನ್ನ ಮೀಸೆ ಎಲ್ಲಾ ಒದ್ದೆ ಮಾಡಿ ಹೋಯ್ತು."

"ಊಟ ಮಾಡು," ಎನ್ನುತ್ತಿದ್ದಳು ಅತ್ತೆ ದೊನ್ಯಾ ಕೂಕಾ. ಆಕೆ ಮಾತು ಕಡಿಮೆಯ ವಿಧವೆ. ಮಗಳು ಒತೀಲಿಯಾಳ ಜೊತೆಯಲ್ಲೇ ಇದ್ದು, ಒಲೆ, ಬಟ್ಟೆ, ಅಂಗಳ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದಳು.

ಅತ್ತೆ ಕೊಡದ ಪ್ರೋತ್ಸಾಹವನ್ನು ಪಕ್ಕದ ಮನೆಯ ದೊನ್ಯಾ ಚೋನಾ ಬಡ್ಡಿ ಸಮೇತ ಕೊಡುತ್ತಿದ್ದಳು. ಉಪ್ಪು ಕೇಳಲು ಬಂದವಳು ಬಾಗಿಲಿಗೆ ಒರಗಿ ನಿಂತುಬಿಡುತ್ತಿದ್ದಳು.

"ಪೊಪೊ ಬೆಂಕಿಬೆಟ್ಟ ಹೊಗೆ ಬಿಡ್ತಿತ್ತೇನಪ್ಪಾ ಮೇಲೆ?"

"ಬಿಡ್ತಿತ್ತಾ? ನನ್ನ ಮುಖಕ್ಕೇ ಬಿಡ್ತು. 'ಸ್ವಲ್ಪ ಆ ಕಡೆ ತಿರುಗಪ್ಪಾ, ಇಲ್ಲಿ ಕೆಲಸ ನಡೀತಿದೆ' ಅಂದೆ. ತಿರುಗ್ತು."

ನಿಜ ಸಂಗತಿ ಏನೆಂದರೆ ನಿಕಾನೋರ ನೆಲ ಬಿಟ್ಟು ಕೆಲಸ ಮಾಡಿದವನೇ ಅಲ್ಲ. ಕೆಳಗೆ ನಿಂತು ಸಿಮೆಂಟ್ ಕಲಸುವುದು, ಬಕೆಟ್ಟಿಗೆ ತುಂಬಿ ರಾಟೆಯ ಹಗ್ಗಕ್ಕೆ ಕಟ್ಟುವುದು, "ಎಳ್ಕೊಳ್ಳಿ!" ಎಂದು ಕೂಗುವುದು, ಇಷ್ಟೇ ಅವನ ಉದ್ಯೋಗ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಬಕೆಟ್ಟು ಮೇಲೆ ಹೋಗುವುದನ್ನು ಮಾತ್ರ ನೋಡುತ್ತಿರಲಿಲ್ಲ, ತಲೆ ತಿರುಗುತ್ತಿತ್ತು. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿಯನ್ನು ಸ್ಟೂಲಿನ ಮೇಲೆ ಹತ್ತಿಸಿ, ಸ್ಟೂಲಿನ ಕಾಲನ್ನು ತಾನು ಹಿಡಿದು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ದಿನವಿಡೀ ಹತ್ತಿ ಇಳಿದು ದಣಿದ ಗಂಡಸು ಮನೆಯಲ್ಲಾದರೂ ನೆಲದ ಮೇಲೆ ಇರಲಿ ಎಂದು ಒತೀಲಿಯಾ ಮರುಗುತ್ತಿದ್ದಳು.

ಈ ಸುಳ್ಳು ಹುಟ್ಟಿದ್ದು ಹೆಣ್ಣು ಕೇಳಲು ಹೋದ ದಿನ. ದೊನ್ಯಾ ಕೂಕಾ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ದಳು: "ನೀನು ಮೇಲೋ, ಕೆಳಗೋ?" ಗಾರೆಯವರ ಜಗತ್ತಿನಲ್ಲಿ ಮೇಲಿರುವವನು ಕುಶಲಿ, ಕೆಳಗಿರುವವನು ಕೂಲಿ. ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆ. ಇಂಥ ಗಳಿಗೆಯಲ್ಲಿ ಯಾವ ಗಂಡಸು ಕೆಳಗೆ ಎಂದಾನು? "ಮೇಲೆ" ಎಂದ. ಅತ್ತೆಯ ಮುಖ ಸಣ್ಣಗಾಯಿತು. ನಿಕಾನೋರ ಅದನ್ನು ಗೌರವವೆಂದು ತಿಳಿದ. ಅಂದಿನಿಂದ ಆ ಗೌರವವನ್ನು ಉಳಿಸಿಕೊಳ್ಳುವುದೇ ಅವನ ಬಾಳಿನ ಗುರಿಯಾಯಿತು. ಅತ್ತೆಯ ಕಣ್ಣಲ್ಲಿ ಕೆಳಗಿಳಿಯುವುದಕ್ಕಿಂತ ಸಾಯುವುದು ಮೇಲು ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಮೇ ತಿಂಗಳು ಬಂತು. ಪವಿತ್ರ ಶಿಲುಬೆಯ ಹಬ್ಬ ಗಾರೆಯವರದ್ದೇ ಹಬ್ಬ. ಅಂದು ಕರಣೆ ಮುಟ್ಟುವಂತಿಲ್ಲ. ಕಟ್ಟುತ್ತಿರುವ ಕಟ್ಟಡದ ನೆತ್ತಿಯ ಮೇಲೆ ಹೂವಿನಿಂದ ಸಿಂಗರಿಸಿದ ಮರದ ಶಿಲುಬೆಯನ್ನು ನಿಲ್ಲಿಸಬೇಕು, ಪಾದ್ರಿಗಳು ಆಶೀರ್ವದಿಸಬೇಕು, ಆಮೇಲೆ ಮನೆ ಕಟ್ಟಿಸುವ ಯಜಮಾನರು ಎಲ್ಲರಿಗೂ ಹೊಟ್ಟೆ ಬಿರಿಯ ಊಟ ಹಾಕಿಸಬೇಕು. ಶಿಲುಬೆ ಮೇಲೇರುವ ತನಕ ಒಂದು ಅಗುಳನ್ನೂ ಯಾರೂ ಬಾಯಿಗಿಡುವುದಿಲ್ಲ.

"ಈ ಸಲ ನಾವೆಲ್ಲಾ ಬರ್ತೀವಿ," ಎಂದಳು ದೊನ್ಯಾ ಚೋನಾ, ಬಾಗಿಲಿಗೆ ಒರಗಿ. "ಮನೆ ಕಟ್ಟಿಸ್ತಿರೋ ಹಲ್ಲಿನ ಡಾಕ್ಟರು ಊರಿಗೇ ಊಟ ಹಾಕ್ತಾರಂತೆ. ಶಿಲುಬೆ ಹೊತ್ಕೊಂಡು ಹತ್ತೋರು ಯಾರಪ್ಪಾ?"

"ಯಾರು ಅಂದ್ರೆ?" ನಿಕಾನೋರ ರೊಟ್ಟಿ ಸುರುಳಿ ಸುತ್ತುತ್ತಾ ಹೇಳಿದ, "ಮೂರು ಮಹಡಿ ಎತ್ತರಕ್ಕೆ ಶಿಲುಬೆ ಹೊರೋ ಎದೆಗಾರಿಕೆ ಆ ಗುಂಪಲ್ಲಿ ಇನ್ಯಾರಿಗಿದೆ ನೀವೇ ಹೇಳಿ?"

ದೊನ್ಯಾ ಕೂಕಾ ಒಲೆಯ ಕಡೆಯಿಂದ ತಿರುಗಿ ನೋಡಿದಳು.

ತಾನು ಕೇಳಿದ್ದು ಬರೀ ಪ್ರಶ್ನೆ ಎಂದು ನಿಕಾನೋರ ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡ. ಆದರೆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟುಬಿಡುವ ಹೆಂಗಸಲ್ಲ ದೊನ್ಯಾ ಚೋನಾ. ಮರುದಿನ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ ಎರಾಕ್ಲಿಯೊ ಮೇಸ್ತ್ರಿಯನ್ನು ಹಿಡಿದು ಸುದ್ದಿ ಮುಟ್ಟಿಸಿಯೇಬಿಟ್ಟಳು.

ಮೇಸ್ತ್ರಿ ದೈವಭಕ್ತ. ಕೆಲಸದ ಜಾಗಕ್ಕೆ ಬಂದವನೇ ನಿಕಾನೋರನನ್ನು ಮರಳಿನ ರಾಶಿಯ ಹಿಂದಕ್ಕೆ ಕರೆದೊಯ್ದು ಟೋಪಿ ತೆಗೆದ.

"ಹರಕೆ ಹೊತ್ತಿದೀಯಂತೆ?"

"ಹರಕೆನಾ?"

"ಮುಚ್ಚಿಡಬೇಡ ಕಣಪ್ಪಾ. ಚೋನಮ್ಮ ಎಲ್ಲಾ ಹೇಳಿದ್ರು. ಬಕೆಟ್ ಮೇಲೆ ಹೋದ್ರೆ ಕಣ್ಮುಚ್ಚೋ ನೀನು ಶಿಲುಬೆ ಹೊರ್ತೀನಿ ಅಂದ್ಮೇಲೆ ಅದು ಹರಕೆ ಅಲ್ದೆ ಇನ್ನೇನು? ಯಾವ ಕಷ್ಟಕ್ಕೆ ಹೊತ್ಯೋ ಏನೋ, ನಾನು ಕೇಳಲ್ಲ. ಹರಕೆಗೆ ಅಡ್ಡ ಬರೋ ಪಾಪ ನನಗೆ ಬೇಡ. ಶಿಲುಬೆ ನಿಂದೇ."

"ಮೇಸ್ತ್ರೀ, ಅದು ಹಾಗಲ್ಲ..."

"ಸಾಕು. ಬಾಯಿಬಿಟ್ಟು ಹೇಳಿದ್ರೆ ಫಲ ಹೋಗುತ್ತೆ." ಮೇಸ್ತ್ರಿಯ ಕಣ್ಣು ತುಂಬಿ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆಲಸಗಾರರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿ ಹೋದರು. ಬಡಗಿಯೊಬ್ಬ ತನ್ನ ಕೊರಳಿನ ತಾಯಿತ ಬಿಚ್ಚಿ ಇವನ ಕೊರಳಿಗೆ ಹಾಕಿದ. ಇಟ್ಟಿಗೆಯವನು, "ನನ್ನ ಜೊತೆ ಏನಾದ್ರೂ ಜಗಳ ಇದ್ರೆ ಮರೆತುಬಿಡಪ್ಪಾ" ಎಂದ. ಇಷ್ಟು ಮರ್ಯಾದೆ ನಿಕಾನೋರನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಆ ಮರ್ಯಾದೆಯನ್ನು ಅನುಭವಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ ಅಷ್ಟೆ. ಕಟ್ಟಡಕ್ಕೆ ಮೆಟ್ಟಿಲನ್ನು ಇನ್ನೂ ಹಾಕಿರಲಿಲ್ಲ. ಮೇಲೆ ಹೋಗುವುದಕ್ಕೆ ಹೊರಗೋಡೆಗೆ ಕಟ್ಟಿದ ಕಬ್ಬಿಣದ ಸಾರವೆಯೊಂದೇ ದಾರಿ.

ಉಪಾಯ ಹೊಳೆದದ್ದು ಇಂಜಿನಿಯರಮ್ಮನಿಂದ. ಬೆರೆನೀಸ್ ಎಂಬ ಆ ಯುವತಿ ಬಂದಾಗಿನಿಂದ ಸಾರವೆಯ ಬುಡದಲ್ಲಿ ಬಿಲ್ಲೆಯ ಪದ್ಧತಿ ಶುರುವಾಗಿತ್ತು. ಹಸಿರು ಬಿಲ್ಲೆ ತೂಗುತ್ತಿದ್ದರೆ ಹತ್ತಬಹುದು. ಕೆಂಪು ತೂಗುತ್ತಿದ್ದರೆ ಹತ್ತುವಂತಿಲ್ಲ.

"ಯಾರಿಗೆ ಅನುಮಾನ ಬಂದ್ರೂ ಕೆಂಪು ಹಾಕಿ, ನನ್ನನ್ನ ಕೇಳಬೇಕಾಗಿಲ್ಲ," ಎಂದು ಆಕೆ ದಿನಾ ಬೆಳಿಗ್ಗೆ ಹೇಳುತ್ತಿದ್ದಳು. "ಕೆಂಪು ಬಿದ್ಮೇಲೆ ತಪಾಸಣೆ ಆಗೋ ತನಕ ಬಿಷಪ್ಪರು ಬಂದ್ರೂ ಹತ್ತೋ ಹಾಗಿಲ್ಲ."

ಕೆಲಸಗಾರರು ನಗುತ್ತಿದ್ದರು. ಈ ತನಕ ಯಾರೂ ಕೆಂಪು ಹಾಕಿರಲಿಲ್ಲ. ಹಬ್ಬದ ದಿನ ಬೆಳಕು ಹರಿಯುವ ಮೊದಲೇ, ಹೂವು ತರುತ್ತೇನೆಂದು ಮನೆಯಿಂದ ಹೊರಟ ನಿಕಾನೋರ, ಸಾರವೆಯ ಬುಡದ ಹಸಿರು ಬಿಲ್ಲೆ ಬಿಚ್ಚಿ ಅಂಗಿಯೊಳಗೆ ಇಳಿಸಿ, ಕೆಂಪು ಬಿಲ್ಲೆಯನ್ನು ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿದ. ಯಾರಿಗೂ ನೋವಿಲ್ಲ, ಯಾರ ಮಾನವೂ ಹೋಗುವುದಿಲ್ಲ. ತನ್ನ ಬುದ್ಧಿಗೆ ತಾನೇ ಮೆಚ್ಚಿ, ದಾರಿಯಲ್ಲಿ ಒಂದು ಕಟ್ಟು ಹೂವು ಕೊಂಡು ಮನೆಗೆ ಹೋದ.

ಹೆಂಡತಿ, ಅತ್ತೆ, ದೊನ್ಯಾ ಚೋನಾ, ಆಕೆಯ ಕಡೆಯ ಅರ್ಧ ಬೀದಿ, ಎಲ್ಲರೊಂದಿಗೆ ಅವನು ಮತ್ತೆ ಅಲ್ಲಿಗೆ ಬಂದಾಗ ಗದ್ದಲ ಕಾವೇರಿತ್ತು. ಬಣ್ಣಬಣ್ಣದ ಕಾಗದದ ತೋರಣ ಒಂದು ಕಂಬದಿಂದ ಇನ್ನೊಂದಕ್ಕೆ ಬಿಗಿಯಾಗಿ ನಿಂತಿತ್ತು. ಶಿಲುಬೆ ಗೋಡೆಗೆ ಒರಗಿತ್ತು, ಮರವೇ ಕಾಣದಷ್ಟು ಹೂವು. ತಾಮ್ರದ ಕೊಪ್ಪರಿಗೆಯಲ್ಲಿ ಹಂದಿಮಾಂಸ ತನ್ನದೇ ಕೊಬ್ಬಿನಲ್ಲಿ ಬೇಯುತ್ತಿತ್ತು. ಅದರ ವಾಸನೆಗೆ ಹಸಿದ ಜನ ಕಷ್ಟಪಡುತ್ತಿದ್ದರು. ಎಲ್ಲರ ನಡುವೆ ಕೆಂಪು ಬಿಲ್ಲೆ ಗಾಳಿಗೆ ತಿರುಗುತ್ತಿತ್ತು.

"ಇದನ್ನ ಹಾಕಿದ್ಯಾರು?" ಬೆರೆನೀಸ್ ಕೇಳಿದಳು.

ಎಲ್ಲರೂ ಎಲ್ಲರ ಮುಖ ನೋಡಿದರು. ನಿಕಾನೋರ ಎಲ್ಲರಿಗಿಂತ ಆಶ್ಚರ್ಯಪಟ್ಟವನಂತೆ ಪಕ್ಕದವನ ಮುಖ ನೋಡಿದ.

"ಮನುಷ್ಯರು ಹಾಕಿದ್ದಲ್ಲ ಬಿಡಿ," ಎಂದಳು ದೊನ್ಯಾ ಚೋನಾ ಶಿಲುಬೆ ಗುರುತು ಮಾಡಿಕೊಳ್ಳುತ್ತಾ. "ದೇವದೂತರ ಕೈ."

"ದೇವದೂತರಿಗೆ ಇವತ್ತೇ ಸಿಕ್ತಾ ದಿನ?" ಯಜಮಾನ ದೊನ್ ಅಬುಂದಿಯೊ ಬೆವರೊರೆಸಿಕೊಂಡರು. ಹಲ್ಲು ಕೀಳುವಾಗಲೂ ಅವರು ಇಷ್ಟು ಬೆವರಿದವರಲ್ಲ. "ಇಂಜಿನಿಯರಮ್ಮಾ, ಅದನ್ನ ಹಿಂದುಮುಂದು ತಿರುಗಿಸಿಬಿಡಿ. ಹಿಂದ್ಗಡೆ ಬಿಳಿ ಇದೆಯಲ್ಲ!"

"ಆಗಲ್ಲ ಸಾರ್."

ಫಾದರ್ ಎವರಿಸ್ತೊ ಗಡಿಯಾರ ನೋಡಿಕೊಂಡರು. ಊರಲ್ಲಿ ಇನ್ನೂ ಎಷ್ಟೋ ಕಟ್ಟಡಗಳು ಅವರಿಗಾಗಿ ಹಸಿದು ಕಾಯುತ್ತಿದ್ದವು. "ನೋಡಿ ಮಕ್ಕಳೇ, ನಾನು ಕೆಳಗಿಂದಲೇ ಜೋರಾಗಿ ಆಶೀರ್ವಾದ ಮಾಡ್ತೀನಿ. ನನ್ನ ಗಂಟಲು ಚೆನ್ನಾಗಿದೆ."

"ಉಂಟಾ ಫಾದರ್? ಶಿಲುಬೆ ನೆತ್ತಿ ಮೇಲೆ ನಿಲ್ಲಲೇಬೇಕು," ಎಂದ ಮೇಸ್ತ್ರಿ. "ಇಂಜಿನಿಯರಮ್ಮಾ, ಈ ಸಾರವೆ ಕಟ್ಟಿದೋನು ನಾನು. ಇದಕ್ಕೇನಾಗಿದೆ? ಎಲ್ಲಾ ಸೇರಿ ಹತ್ತೋಣ, ಫಾದರ್ರು, ಯಜಮಾನ್ರು, ವಾದ್ಯದೋರು, ಎಲ್ಲಾ."

"ತಪಾಸಣೆ ಆಗದೆ ಒಬ್ಬರೂ ಹತ್ತೋ ಹಾಗಿಲ್ಲ."

"ಮಾಂಸ ಕರಗಿ ಸಾರಾಗ್ತಿದೆ!" ಕೊಪ್ಪರಿಗೆಯ ಮುಂದಿನಿಂದ ಅಡುಗೆಯವನು ಅರಚಿದ. ಜನ ನರಳಿತು. ತುತ್ತೂರಿಯವನು ಬೇಸರಕ್ಕೆ ಹೆಣ ಸಾಗಿಸುವಾಗ ನುಡಿಸುವ ರಾಗವನ್ನು ತೆಗೆದ. ಯಾರೋ ಅವನ ಮೇಲೆ ಕಿತ್ತಳೆ ಸಿಪ್ಪೆ ಎಸೆದರು.

"ಸರಿ, ಈಗಲೇ ತಪಾಸಣೆ ಮಾಡೋಣ," ಎಂದಳು ಬೆರೆನೀಸ್. ಆಮೇಲೆ ತನ್ನ ಕಾಲು ನೋಡಿಕೊಂಡಳು. ಹಬ್ಬವೆಂದು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಬಂದಿದ್ದಳು. "ಇದರಲ್ಲಿ ನಾನು ಹತ್ತಿದ್ರೆ ನನ್ನ ನಿಯಮಾನೇ ನಾನು ಮುರಿದ ಹಾಗೆ. ಅನುಭವ ಇರೋರು ಯಾರಾದ್ರೂ ಬೆಲ್ಟ್ ಹಾಕ್ಕೊಂಡು ಬುಡದಿಂದ ನೆತ್ತಿ ತನಕ ನೋಡಲಿ."

"ಅನುಭವಾನಾ?" ದೊನ್ಯಾ ಚೋನಾ ಕೈಚಪ್ಪಾಳೆ ತಟ್ಟಿದಳು. "ಮೋಡದ ಜೊತೆ ಮಾತಾಡೋ ಮನುಷ್ಯ ಇಲ್ಲೇ ನಿಂತಿದಾನಲ್ಲಾ! ಹೋಗಪ್ಪಾ ನಿಕಾನೋರಾ!"

"ಹೌದು, ಅವನೇ ಹೋಗ್ಲಿ," ಎಂದ ಮೇಸ್ತ್ರಿ ಟೋಪಿ ತೆಗೆದು. "ಹರಕೆ ಹೊತ್ತೋನನ್ನ ಯಾರೂ ತಡೀಬೇಡಿ."

"ಬೇಡ," ಎಂದಳು ದೊನ್ಯಾ ಕೂಕಾ ಇದ್ದಕ್ಕಿದ್ದಂತೆ. "ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬೇರೆ ಯಾರಾದ್ರೂ ಹೋಗ್ಲಿ."

ಅದೊಂದು ಮಾತು ಅವಳು ಆಡದಿದ್ದರೆ ನಿಕಾನೋರನಿಗೆ ಹೊಟ್ಟೆನೋವು ಬಂದುಬಿಡುತ್ತಿತ್ತು, ತಯಾರಿ ನಡೆಸಿದ್ದ. ಆದರೆ ಅತ್ತೆ ತನ್ನನ್ನು ಅನುಮಾನಿಸಿದಳಲ್ಲ! ಅವನು ಹೊಸ ಅಂಗಿಯ ತೋಳು ಮಡಚಿ, "ಬೆಲ್ಟ್ ಕೊಡಿ" ಎಂದ. ಆ ಸ್ವರ ಯಾರದೆಂದು ಅವನಿಗೇ ಗುರುತು ಸಿಗಲಿಲ್ಲ.

ಲೋಕದಲ್ಲಿ ಅಷ್ಟು ನಿಧಾನವಾದ ತಪಾಸಣೆ ನಡೆದಿರಲಾರದು. ಹತ್ತುವುದನ್ನು ಮುಂದೂಡುವ ಪ್ರತಿಯೊಂದು ಕೆಲಸವನ್ನೂ ನಿಕಾನೋರ ಶ್ರದ್ಧೆಯಿಂದ ಮಾಡಿದ. ಪ್ರತಿ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ಹಲಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಬೆಲ್ಟನ್ನು ಬಿಚ್ಚಿ ಮತ್ತೆ ಕಟ್ಟಿದ. ಏಣಿಯ ಕಾಲಿಗೆ ಅಂಟಿದ ಮಣ್ಣು ಕೆರೆದ. ಎಲ್ಲವೂ ಮುಗಿದ ಮೇಲೆ ಇನ್ನೊಂದು ಸಲ ಮೊದಲಿನಿಂದ ಶುರುಮಾಡಿದ.

"ಎಷ್ಟು ಅಚ್ಚುಕಟ್ಟು!" ಬೆರೆನೀಸ್ ಬೆರಗಾದಳು. "ಇಷ್ಟು ದಿನ ಈ ಮನುಷ್ಯನ್ನ ನಾನು ಗಮನಿಸಲೇ ಇಲ್ಲವಲ್ಲ."

"ಇವನು ಶವಪರೀಕ್ಷೆ ಮಾಡ್ತಿದಾನಾ?" ದೊನ್ ಅಬುಂದಿಯೊ ಹಲ್ಲು ಕಡಿದರು. ಅವರ ವೃತ್ತಿಯವರು ಮಾಡಬಾರದ ಕೆಲಸ ಅದು.

ಕೊನೆಗೆ ತಟ್ಟುವುದಕ್ಕೆ ನೆಲದ ಮೇಲೆ ಏನೂ ಉಳಿಯಲಿಲ್ಲ. ನಿಕಾನೋರ ಛಾವಣಿಯಿಂದ ಇಳಿಬಿಟ್ಟಿದ್ದ ರಕ್ಷಣೆಯ ಹಗ್ಗಕ್ಕೆ ಬೆಲ್ಟಿನ ಕೊಕ್ಕೆ ಸಿಕ್ಕಿಸಿದ, ಎಳೆದು ನೋಡಿದ, ಕಣ್ಣು ಮುಚ್ಚಿ ಏಣಿ ಹತ್ತಿದ. ಮೊದಲ ಅಟ್ಟಣೆಯ ಹಲಗೆ ಕಾಲಿಗೆ ಸಿಕ್ಕಿತು. ಅಲ್ಲಿ ಅವನು ಒಂದು ಕಣ್ಣು ತೆರೆದ ತಪ್ಪು ಮಾಡಿದ. ಕೆಳಗೆ ಇಡೀ ಚೋಲೂಲಾ ತಲೆಯೆತ್ತಿ ನಿಂತಿತ್ತು. ನಿಕಾನೋರ ಹತ್ತಿರದ ಕಂಬವನ್ನು ಎರಡೂ ಕೈ, ಎರಡೂ ಮಂಡಿ, ಗಲ್ಲ ಎಲ್ಲವನ್ನೂ ಬಳಸಿ ಅಪ್ಪಿಕೊಂಡ. ಮೈ ಗಡಗಡ ನಡುಗತೊಡಗಿತು. ಅವನ ಜೊತೆ ಕಂಬವೂ ನಡುಗಿತು. ಕಂಬದ ಜೊತೆ ಹಲಗೆಗಳು ಕುಣಿದವು. ಮೇಲಿನ ಅಟ್ಟಣೆಗಳೆಲ್ಲ ಕಿರ್ರೆಂದವು. ಮೂರು ಮಹಡಿಯ ಸಾರವೆ ಗೋಡೆ ಬಿಟ್ಟು ಒಂದು ಗೇಣು ಹೊರಕ್ಕೆ ಬಾಗಿ, ಯೋಚನೆ ಮಾಡಿ, ಮತ್ತೆ ಗೋಡೆಗೆ ಬಂದು ಬಡಿಯಿತು.

"ಅಮ್ಮಾ!" ಎಂದ ನಿಕಾನೋರ.

ಜನ ಒಂದೇ ಉಸಿರಿಗೆ ಹಿಂದೆ ಸರಿಯಿತು. ಫಾದರ್ ಎವರಿಸ್ತೊ ಜಪ ಶುರುಮಾಡಿದರು. ದೊನ್ಯಾ ಕೂಕಾ ಮಾತ್ರ ಮುಂದೆ ನುಗ್ಗಿದಳು. ಬೆರೆನೀಸ್ ಅವಳ ಶಾಲು ಹಿಡಿದು ನಿಲ್ಲಿಸಬೇಕಾಯಿತು.

"ನಿಕಾ! ಕಣ್ಮುಚ್ಚೇ ಇರು. ನನ್ನ ಮಾತು ಕೇಳು. ಬಲಗಾಲು ಕೆಳಗಿಡು."

"ಯಾವ್ದು ಬಲಗಾಲು ಅತ್ತೆ?"

"ಊಟ ಮಾಡೋ ಕೈ ಕಡೇದು! ಹಾಂ. ಈಗ ಇನ್ನೊಂದು. ಕಂಬ ಬಿಡು. ಬಿಡೋ, ಅದೇನು ನಿನ್ನ ಹೆಂಡ್ತಿನಾ?"

ಹೀಗೆ ಒಂದೊಂದೇ ಮೆಟ್ಟಿಲಾಗಿ ಅವನನ್ನು ಇಳಿಸಿದಳು. ನೆಲ ಸಿಕ್ಕಿದ ಕೂಡಲೇ ನಿಕಾನೋರ ಅದರ ಮೇಲೆ ಅಂಗಾತ ಮಲಗಿದ.

ಬೆರೆನೀಸ್ ಸಾರವೆ ಮತ್ತು ಗೋಡೆಯ ನಡುವೆ ಇಣುಕಿದಳು. ಅವಳ ಮುಖ ಬಿಳಿಚಿಕೊಂಡಿತು. "ಮೇಸ್ತ್ರೀ, ಸಾರವೆನ ಗೋಡೆಗೆ ಬಿಗಿದಿದ್ದ ತಂತಿಗಳೆಲ್ಲಿ? ಒಂದೂ ಇಲ್ಲ!"

ಎಲ್ಲರ ಕಣ್ಣೂ ಮೇಸ್ತ್ರಿಯ ಕಡೆಗೆ ತಿರುಗಿತು. ಮೇಸ್ತ್ರಿಯ ಕಣ್ಣು ಶಿಲುಬೆಯ ಕಡೆಗೆ ತಿರುಗಿತು. ಅಷ್ಟೊಂದು ಹೂವು ಶಿಲುಬೆಗೆ ಹೇಗೆ ನಿಂತಿತ್ತು, ಅಷ್ಟುದ್ದದ ತೋರಣ ಜೋತುಬೀಳದೆ ಹೇಗೆ ಬಿಗಿಯಾಗಿತ್ತು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಹೂವಿನ ಸಂದಿಯಲ್ಲಿ ಸಾರವೆಯ ತಂತಿ ಮಿನುಗುತ್ತಿತ್ತು.

"ನಿನ್ನೆ ಸಂಜೆ ಅಂಗಡಿ ಎಲ್ಲಾ ಬಾಗಿಲು ಹಾಕಿದ್ವು," ಮೇಸ್ತ್ರಿ ಟೋಪಿಯನ್ನು ಹಿಂಡುತ್ತಾ ಹೇಳಿದ. "ದೇವರ ಕೆಲಸ ಅಲ್ವಾ, ನಾಳೆ ಯಾರೂ ಕೆಲಸ ಮಾಡಲ್ಲ ಅಂತ ಬಿಚ್ಕೊಂಡೆ. ಒಂದು ಸಲ ಹತ್ತಿ ಇಳಿಯೋಕೆ ಏನಾಗುತ್ತೆ ಅಂದ್ಕೊಂಡೆ."

"ಫಾದರ್ರು, ಯಜಮಾನ್ರು, ವಾದ್ಯದೋರು, ಎಲ್ಲಾ ಸೇರಿ ಹತ್ತೋಣ ಅಂದ್ರಲ್ಲ ಮೇಸ್ತ್ರೀ," ಎಂದಳು ಬೆರೆನೀಸ್ ಮೆಲ್ಲಗೆ.

ಡೋಲಿನವನು ತನ್ನ ಡೋಲನ್ನು ನೋಡಿದ, ಸಾರವೆಯನ್ನು ನೋಡಿದ, ಕುಳಿತುಬಿಟ್ಟ. ದೊನ್ ಅಬುಂದಿಯೊ ನೀರು ಕೇಳಿದರು. ಮೇಸ್ತ್ರಿ ಹೋಗಿ ತೋರಣ ಬಿಚ್ಚತೊಡಗಿದ. ಕೆಲಸಗಾರರೆಲ್ಲ ಕೈಹಾಕಿದರು. ಕೊಪ್ಪರಿಗೆಯ ವಾಸನೆಯನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಸಾರವೆಯನ್ನು ಮತ್ತೆ ಗೋಡೆಗೆ ಬಿಗಿದು, ಎಲ್ಲರೂ ಸೇರಿ ಅಲ್ಲಾಡಿಸಿ ನೋಡಿದರು. ಅದು ಕದಲಲಿಲ್ಲ.

"ಈಗ ಹಸಿರು ಹಾಕೋಣ," ಎಂದಳು ಬೆರೆನೀಸ್. "ಹಸಿರು ಬಿಲ್ಲೆ ಎಲ್ಲಿ?"

ಹುಡುಕಿದರು. ಮರಳಿನಲ್ಲಿ, ಇಟ್ಟಿಗೆಯ ಹಿಂದೆ, ವಾದ್ಯದವರ ಚೀಲದಲ್ಲಿ. ದೇವದೂತರು ಒಯ್ದಿರಬೇಕೆಂದು ದೊನ್ಯಾ ಚೋನಾ ಹೇಳಿದಳು. ನಿಕಾನೋರ ಎದ್ದು ಕುಳಿತ. ಅಂಗಿಯೊಳಗೆ ಕೈಹಾಕಿ ಬೆವರಿನಿಂದ ಒದ್ದೆಯಾದ ಹಸಿರು ಬಿಲ್ಲೆಯನ್ನು ತೆಗೆದು ಚಾಚಿದ.

"ಕೆಂಪು ಹಾಕಿದ್ದು ನಾನೇ," ಎಂದ. "ಸಾರವೆ ಕೆಟ್ಟಿದೆ ಅಂತ ಗೊತ್ತಾಗಿ ಅಲ್ಲ. ಹತ್ತೋಕೆ ಭಯ ಆಗಿ. ಹರಕೆನೂ ಇಲ್ಲ, ಗಿರಕೆನೂ ಇಲ್ಲ. ನಾನು ಯಾವತ್ತೂ ಕೆಳಗೇ ಇದ್ದೋನು ಅತ್ತೆ. ಸಿಮೆಂಟ್ ಕಲಸ್ತೀನಿ. ಮೋಡ ನನ್ನ ಹತ್ರ ಬಂದಿಲ್ಲ."

ದೊನ್ಯಾ ಚೋನಾಳ ಬಾಯಿ ತೆರೆದೇ ಇತ್ತು, ಅದರಿಂದ ಮೊದಲ ಸಲ ಏನೂ ಹೊರಡಲಿಲ್ಲ. ಬೆರೆನೀಸ್ ಬಿಲ್ಲೆಯನ್ನು ತೆಗೆದುಕೊಂಡಳು. "ಅನುಮಾನ ಬಂದ್ರೆ ಹಾಕಿ ಅಂತ ನಾನೇ ಹೇಳಿದ್ದು. ಯಾಕೆ ಬಂತು ಅಂತ ಕೇಳ್ತೀನಿ ಅಂದಿರಲಿಲ್ಲ," ಎಂದಳು. "ನಾಳೆಯಿಂದ ಯಾರಾದ್ರೂ ಹತ್ತೋಕೆ ಮುಂಚೆ ನೀವು ಕೆಳಗೆ ನಿಂತು ಕಂಬ ಹಿಡಿದು ನಡುಗಬೇಕು. ನಿಮ್ಮಷ್ಟು ಚೆನ್ನಾಗಿ ಯಾರೂ ನಡುಗಲ್ಲ."

ಜನ ಘೊಳ್ಳೆಂದು ನಕ್ಕಿತು. ನಿಕಾನೋರ ನಗಲಿಲ್ಲ. ಅವನು ಅತ್ತೆಯ ಮುಖವನ್ನೇ ನೋಡುತ್ತಿದ್ದ.

ದೊನ್ಯಾ ಕೂಕಾ ಅವನ ಪಕ್ಕದಲ್ಲೇ ಒಂದು ಇಟ್ಟಿಗೆಯ ಮೇಲೆ ಕುಳಿತಳು.

"ನಂಗೊತ್ತು ಕಣೋ. ನಿನ್ನ ಪ್ಯಾಂಟು ಒಗೆಯೋಳು ನಾನಲ್ವಾ? ಮಂಡಿ ತನಕ ಕಲಸಿದ ಸಿಮೆಂಟು, ಮೇಲಕ್ಕೆ ಒಂದು ಚಿಟಿಕೆ ಇಲ್ಲ. ಮದುವೆಯಾದ ಮೊದಲ ವಾರಾನೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ನಿನಗೆ ಹೇಳ್ಕೊಳ್ಳೋಕೆ ಅಷ್ಟು ಖುಷಿಯಿತ್ತು, ಹೇಳ್ಕೊಳ್ಳಲಿ ಅಂತ." ಆಕೆ ಅವನ ಹೊಸ ಅಂಗಿಯ ಮಣ್ಣು ಕೊಡವಿದಳು. "ಒತೀಲಿಯಾಳ ಅಪ್ಪ ಮೇಲಿನ ಕೆಲಸದೋರು. ಚರ್ಚಿನ ಗೋಪುರದಿಂದ ಬಿದ್ದು ಹೋದ್ರು. ಅವರಿದ್ದಷ್ಟು ಕಾಲ ನಾನು ಒಂದು ಮಧ್ಯಾಹ್ನಾನೂ ಕಣ್ಣು ಮುಚ್ಚಿದೋಳಲ್ಲ. ಸಂಜೆ ಬಾಗಿಲು ಸದ್ದಾಗೋ ತನಕ ಹೊರಗೇ ನೋಡ್ತಾ ಕೂತಿರ್ತಿದ್ದೆ. ನೀನು ಅಳಿಯನಾಗಿ ಬಂದ್ಮೇಲೆ, ಆ ಪ್ಯಾಂಟು ಒಗೆದ್ಮೇಲೆ, ದಿನಾ ಊಟ ಆದ್ಮೇಲೆ ನಿದ್ದೆ ಮಾಡ್ತೀನಿ. ಗೊರಕೆ ಹೊಡೀತೀನಂತೆ, ನಿನ್ನ ಹೆಂಡ್ತೀನ ಕೇಳು."

ನಿಕಾನೋರನಿಗೆ ಎದೆಯ ಮೇಲೆ ವರ್ಷಗಟ್ಟಲೆ ಹೊತ್ತ ಮೂರು ಮಹಡಿಯೂ ಇಳಿದುಹೋದ ಹಾಗಾಯಿತು. ಅವನು ಸಂತೋಷದಿಂದ ಅತ್ತುಬಿಟ್ಟ.

ಹಸಿರು ಬಿಲ್ಲೆ ನೇತುಬಿತ್ತು. ಮೇಸ್ತ್ರಿ ಬೆಲ್ಟ್ ಕಟ್ಟಿ, ಕೊಕ್ಕೆ ಸಿಕ್ಕಿಸಿ, ಅರ್ಧ ಹೂವು ಕಳೆದುಕೊಂಡ ಶಿಲುಬೆಯನ್ನು ತಾನೇ ಹೊತ್ತು ಹತ್ತಿದ. ಫಾದರ್ ಎವರಿಸ್ತೊ ತಮ್ಮ ಗಂಟಲಿನ ಬಗ್ಗೆ ಹೇಳಿದ್ದು ನಿಜವೆಂದು ಕೆಳಗಿನಿಂದಲೇ ತೋರಿಸಿಕೊಟ್ಟರು. ಬಾಣಬಿರುಸುಗಳು ಹಾರಿದವು, ಡೋಲು ಬಡಿಯಿತು, ತುತ್ತೂರಿಯವನು ಕೆನ್ನೆಯುಬ್ಬಿಸಿ ಊದಿದ, ಅಡುಗೆಯವನು ಕೊಪ್ಪರಿಗೆ ತೆರೆದ. ಇಡೀ ಜನ ಕತ್ತೆತ್ತಿ ಶಿಲುಬೆಯನ್ನೇ ನೋಡುತ್ತಿತ್ತು. ನಿಕಾನೋರನೊಬ್ಬ ಮೇಲೆ ನೋಡಲಿಲ್ಲ. ಅಷ್ಟೂ ಗದ್ದಲದ ನಡುವೆ ದೊನ್ಯಾ ಕೂಕಾ ಅವನ ಭುಜಕ್ಕೆ ತಲೆಯಾನಿಸಿ, ಬಾಯಿ ತೆರೆದುಕೊಂಡು, ಗಾಢವಾಗಿ ನಿದ್ದೆ ಹೋಗಿದ್ದಳು. ಅವನು ಅಲ್ಲಾಡದೆ ಕುಳಿತ.